ಒಂದೇ ಒಂದು ಸಲ ಮಿಟುಕುವ ಕಣ್ಣು

ನಿನ್ನೆ ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಒಂದು ಫ್ರೆಂಚ್ ಸಿನಿಮಾ ನೋಡಿದೆ. ಹೆಸರು 'ಲಾ ಜೆತೆ'. ಕ್ರಿಸ್ ಮಾರ್ಕರ್ ಮಾಡಿದ್ದು, 1962ರದ್ದು, ಬರೀ 28 ನಿಮಿಷ. ನಾನು ಸುಮ್ನೆ ಮನೆಯಲ್ಲಿ ಕೂತು ಸಿನಿಮಾ ನೋಡುವವಳು, ಪ್ರಯೋಗಾತ್ಮಕ ಸಿನಿಮಾ ಅಂತ ಹುಡುಕಿಕೊಂಡು ಹೋದವಳಲ್ಲ. ಆದರೆ ಇದರ ಬಗ್ಗೆ ನಿಮಗೆ ಹೇಳಲೇಬೇಕು.

ಇದು ಪೂರ್ತಿ ಫೋಟೋಗಳಲ್ಲೇ ಇದೆ. ಕಪ್ಪು-ಬಿಳುಪು ಫೋಟೋಗಳು, ಒಂದಾದ ಮೇಲೊಂದು, ಹಿಂದೆ ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ. ಮೊದಮೊದಲು ವಿಡಿಯೊ ನಿಂತುಬಿಟ್ಟಿದೆಯಾ ಅಂತ ನೋಡಿದೆ. ಐದು ನಿಮಿಷ ಆದಮೇಲೆ ನಮ್ಮಮ್ಮ ಹಳೇ ಆಲ್ಬಂ ತೆಗೆದು ಕೂತದ್ದು ನೆನಪಾಯಿತು. ಅಮ್ಮ ಪುಟ ತಿರುಗಿಸುತ್ತಾ "ಇದು ನಿನ್ನ ನಾಮಕರಣದ ದಿನ, ಅವತ್ತು ಎಷ್ಟು ಮಳೆ ಗೊತ್ತಾ" ಅಂತ ಶುರು ಮಾಡಿದರೆ ಫೋಟೋದಲ್ಲಿ ಇಲ್ಲದ ಮಳೆ ಕೂಡ ಕಾಣಿಸುತ್ತದೆ, ಅಲ್ವಾ? ಹಾಗೇ ಇದು.

ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣ. ಒಬ್ಬ ಹುಡುಗ ಅಲ್ಲಿ ಒಬ್ಬ ಹೆಂಗಸಿನ ಮುಖ ನೋಡುತ್ತಾನೆ, ಆಮೇಲೆ ಯಾರೋ ಸಾಯುವುದನ್ನೂ ನೋಡುತ್ತಾನೆ. ಮುಂದೆ ಮೂರನೇ ಮಹಾಯುದ್ಧ ಆಗಿ ಪ್ಯಾರಿಸ್ ಹಾಳಾಗುತ್ತದೆ, ಬದುಕಿದವರು ನೆಲದಡಿ ಸೇರುತ್ತಾರೆ. ಆ ಹುಡುಗ ಈಗ ದೊಡ್ಡವನು, ಕೈದಿ. ಆ ಮುಖವನ್ನು ಅಷ್ಟು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಾನೆ ಅಂತ ಅವನನ್ನೇ ಆರಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಹಳೇ ಕಾಲಕ್ಕೆ ಕಳಿಸುತ್ತಾರೆ. ಇಯರ್‌ಫೋನ್‌ನಲ್ಲಿ ಎದೆಬಡಿತ, ಜರ್ಮನ್ ಭಾಷೆಯ ಪಿಸುಮಾತು. ಆ ಭಾಗ ನನಗೆ ನಿಜವಾಗಿಯೂ ಭಯ ಹುಟ್ಟಿಸಿತು.

ಅಲ್ಲಿ ಅವಳು ಸಿಗುತ್ತಾಳೆ. ಇಬ್ಬರೂ ಒಂದು ಮ್ಯೂಸಿಯಂಗೆ ಹೋಗುತ್ತಾರೆ, ಸುತ್ತ ಸತ್ತ ಪ್ರಾಣಿಗಳನ್ನು ಜೀವಂತ ಇರುವ ಹಾಗೆ ನಿಲ್ಲಿಸಿದ್ದಾರೆ. ಫೋಟೋ ಆದ್ದರಿಂದ ಪ್ರಾಣಿಗಳೂ ಅಲುಗುವುದಿಲ್ಲ, ಇವರೂ ಅಲುಗುವುದಿಲ್ಲ. ಯಾರಲ್ಲಿ ಜೀವ ಇದೆ ಅಂತ ಹೇಳೋದು ಹೇಗೆ?

ಇದಕ್ಕೂ ಸ್ವಲ್ಪ ಮೊದಲು ಒಂದು ಬೆಳಗಿನ ದೃಶ್ಯ ಇದೆ. ಅವಳು ಮಲಗಿದ್ದಾಳೆ. ದಿಂಬಿನ ಮೇಲೆ ಮುಖ, ಕೆದರಿದ ಕೂದಲು. ಒಂದು ಫೋಟೋ ಕರಗಿ ಇನ್ನೊಂದು ಬರುತ್ತದೆ, ಮಗ್ಗುಲು ಬದಲಾಗುತ್ತದೆ, ಹಕ್ಕಿಗಳ ಚಿಲಿಪಿಲಿ ಜಾಸ್ತಿ ಆಗುತ್ತಾ ಆಗುತ್ತಾ ಕಿವಿ ತುಂಬಿಬಿಡುತ್ತದೆ. ಆಗ ಅವಳು ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಾಳೆ. ರೆಪ್ಪೆ ಮಿಟುಕಿಸುತ್ತಾಳೆ. ಅದು ಫೋಟೋ ಅಲ್ಲ! ಇಡೀ ಸಿನಿಮಾದಲ್ಲಿ ಚಲಿಸುವುದು ಆ ಕೆಲವೇ ಸೆಕೆಂಡು.

ನಾನು ಎದ್ದು ಕೂತೆ. ದಿನಾ ಎಷ್ಟು ವಿಡಿಯೊ ನೋಡುತ್ತೇವೆ, ಎಲ್ಲರೂ ಓಡುತ್ತಾರೆ, ಕುಣಿಯುತ್ತಾರೆ, ಯಾವತ್ತೂ ಒಂದು ರೆಪ್ಪೆ ಆಡಿದ್ದಕ್ಕೆ ನನ್ನ ಗಂಟಲು ಕಟ್ಟಿರಲಿಲ್ಲ. ಹಿಂದಕ್ಕೆ ಎಳೆದು ಮೂರು ಸಲ ನೋಡಿದೆ.

ಇದೇ ಕಥೆ ಇಟ್ಟುಕೊಂಡು 1995ರಲ್ಲಿ ಹಾಲಿವುಡ್‌ನವರು 'ಟ್ವೆಲ್ವ್ ಮಂಕೀಸ್' ಮಾಡಿದರು, ಅದನ್ನು ನೋಡಿದವರಿಗೆ ಕೊನೆ ಗೊತ್ತಿರಬಹುದು. ಉಳಿದವರಿಗೆ ನಾನು ಹೇಳುವುದಿಲ್ಲ. ಇಯರ್‌ಫೋನ್ ಮಾತ್ರ ಮರೀಬೇಡಿ, ಆ ಹಕ್ಕಿಗಳು ಫೋನ್ ಸ್ಪೀಕರ್‌ನಲ್ಲಿ ಅಷ್ಟು ಹತ್ತಿರ ಬರುವುದಿಲ್ಲ.