ಬಿಯರ್ಡೆಡ್ ಡ್ರ್ಯಾಗನ್‌ಗೆ ಬಿಸಿಲು ಕಟ್ಟಿಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಮನೆಯಲ್ಲಿ ಸಾಕುವ ಆಸ್ಟ್ರೇಲಿಯಾ ಮೂಲದ ಓತಿ, ತಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ: ಎಷ್ಟು ವಾಟ್ ಬಲ್ಬ್ ಹಾಕಲಿ? ವಾಟ್ ಲೆಕ್ಕ ಆಮೇಲೆ ಹೇಳುತ್ತೇನೆ. ಈ ಪ್ರಾಣಿ ಬಿಸಿಲನ್ನು ಹೇಗೆ ಬಳಸುತ್ತದೆ ಅಂತ ಮೊದಲು ನೋಡೋಣ. ಅದಕ್ಕೆ ಆಸ್ಟ್ರೇಲಿಯಾಕ್ಕೇ ಹೋಗಬೇಕಾಗಿಲ್ಲ.

ನಂದಿ ಬೆಟ್ಟ, ಸ್ಕಂದಗಿರಿ ಕಡೆ ಓಡಾಡುವವರು ಬಂಡೆ ಮೇಲಿನ ಓತಿಕ್ಯಾತವನ್ನು ನೋಡಿರುತ್ತೀರಿ. ಬೇಲಿಯಲ್ಲಿ ತಲೆ ಆಡಿಸುತ್ತದಲ್ಲ, ಅದಲ್ಲ. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದೆ, ಆ ಜಾತಿ. ಬಿಯರ್ಡೆಡ್ ಡ್ರ್ಯಾಗನ್ ಕೂಡ ಅದರ ಕುಟುಂಬದ್ದೇ. ಆ ಓತಿಯನ್ನು ಒಂದು ದಿನ ಕೂತು ಗಮನಿಸಿ. ಬೆಳಿಗ್ಗೆ ಬಂಡೆಗೆ ಹೊಟ್ಟೆ ಒತ್ತಿ ಮೈ ಕಾಯಿಸಿಕೊಳ್ಳುತ್ತದೆ. ಮೈ ಬಿಸಿಯಾದ ಮೇಲೆ ಹುಳ ಹಿಡಿಯಲು ಓಡುತ್ತದೆ. ಬಿಸಿಲು ಏರಿದರೆ ಬಿರುಕಿಗೆ ಸೇರಿಕೊಳ್ಳುತ್ತದೆ. ಸಂಜೆ ಮತ್ತೆ ಹೊರಗೆ. ಇಡೀ ದಿನ ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಅದರ ಓಡಾಟ. ಮಧ್ಯ ಆಸ್ಟ್ರೇಲಿಯಾದ ಒಣ ನೆಲದಲ್ಲಿ ಬೇಲಿ ಕಂಬದ ಮೇಲೆ ಕೂರುವ ಡ್ರ್ಯಾಗನ್ ಮಾಡುವುದೂ ಇದನ್ನೇ. ಹಾಗಾಗಿ ಪೆಟ್ಟಿಗೆಯೊಳಗೆ ನಾವು ಕಟ್ಟಿಕೊಡಬೇಕಾದದ್ದು ಈ ಓಡಾಟಕ್ಕೆ ಬೇಕಾದ ಜಾಗ.

ಶಿಡ್ಲಘಟ್ಟ ಕಡೆಯಿಂದ ಬಂದವರಿಗೆ ಇದು ಸ್ವಲ್ಪ ವಿಚಿತ್ರ ಅನಿಸಬಹುದು. ನಿಮ್ಮ ರೇಷ್ಮೆ ಹುಳು ಮನೆಯಲ್ಲಿ ಚಾಕಿ (ಎಳೆಯ) ಹುಳುವಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ. ಈ ಮೂಲೆಗೂ ಆ ಮೂಲೆಗೂ ವ್ಯತ್ಯಾಸ ಬಂದರೆ ಹುಳು ಏರುಪೇರಾಗುತ್ತದೆ. ಡ್ರ್ಯಾಗನ್ ಪೆಟ್ಟಿಗೆಯಲ್ಲಿ ಆ ವ್ಯತ್ಯಾಸವೇ ಬೇಕು. ಇಡೀ ಪೆಟ್ಟಿಗೆ 35 ಡಿಗ್ರಿ ಇಟ್ಟರೆ ಮೈ ತಂಪು ಮಾಡಿಕೊಳ್ಳಲು ಅದು ಎಲ್ಲಿಗೆ ಹೋಗಬೇಕು? ಅಂದ ಹಾಗೆ, ರೇಷ್ಮೆ ಹುಳು ಡ್ರ್ಯಾಗನ್‌ಗೆ ತುಂಬಾ ಒಳ್ಳೆಯ ಆಹಾರ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು.

ಈಗ ಅಂಕಿ. ಬಲ್ಬಿನ ಕೆಳಗೆ ಮೈ ಕಾಯಿಸುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಇರಲಿ. ಇನ್ನೊಂದು ತುದಿ 24ರಿಂದ 28. ಎರಡು ಅಡಿ ಗಾಜಿನ ಟ್ಯಾಂಕಿನಲ್ಲಿ ಇಷ್ಟು ವ್ಯತ್ಯಾಸ ತರುವುದು ಕಷ್ಟ, ಬಲ್ಬ್ ಎಲ್ಲಿ ಹಾಕಿದರೂ ಪೂರ್ತಿ ಬಿಸಿಯಾಗುತ್ತದೆ. ಬೆಳೆದ ಪ್ರಾಣಿಗೆ ಕಡಿಮೆ ಅಂದರೂ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಬೇಕು. ಊರಿನ ಬಡಗಿಯೇ ಪ್ಲೈವುಡ್‌ನಲ್ಲಿ ಮಾಡಿಕೊಡುತ್ತಾರೆ. ಮುಂದೆ ಜಾರುವ ಗಾಜು, ಎರಡೂ ಬದಿ ಗಾಳಿ ಕಿಂಡಿ ಇಡಿಸಿ. ಬಲ್ಬಿನ ಕೆಳಗೆ ಒಂದು ಗ್ರಾನೈಟ್ ಚಪ್ಪಡಿ ತುಂಡು ಸಾಕು.

ಬಿಸಿಗೆ ನನ್ನ ಆಯ್ಕೆ ಹ್ಯಾಲೊಜನ್ ಫ್ಲಡ್ ಬಲ್ಬ್. ಬೆಳಕು ಮತ್ತು ಬಿಸಿ ಎರಡೂ ಮೇಲಿನಿಂದ, ಸೂರ್ಯನ ಹಾಗೆಯೇ ಬರುತ್ತವೆ. ಅದರ ಅವಗೆಂಪು (ಇನ್‌ಫ್ರಾರೆಡ್) ಕಿರಣ, ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರಿನ ಕಿರಣಕ್ಕಿಂತ ಹೆಚ್ಚು ಚರ್ಮದ ಒಳಕ್ಕೆ ಇಳಿಯುತ್ತದೆ. ಇನ್ನು ವಾಟ್. ಸಾಮಾನ್ಯವಾಗಿ 50ರಿಂದ 100ರ ಒಳಗೆ ಕೆಲಸ ಆಗುತ್ತದೆ. ಆದರೆ ಅದು ಬಲ್ಬಿನ ಎತ್ತರ, ನಿಮ್ಮ ಕೋಣೆ, ತಿಂಗಳು ಎಲ್ಲದರ ಮೇಲೆ ನಿಂತಿದೆ. ಹ್ಯಾಲೊಜನ್‌ಗೆ ಹೊಂದುವ ಡಿಮ್ಮರ್ ಹಾಕಿ, ಕಲ್ಲಿನ ಬಿಸಿ ಅಳೆದು ಹೊಂದಿಸಿ. ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತಗೊಳ್ಳಿ. ಗಾಜಿಗೆ ಅಂಟಿಸುವ ಸ್ಟಿಕ್ಕರ್ ಮಾಪಕ ಕಲ್ಲಿನ ಬಿಸಿ ಹೇಳುವುದಿಲ್ಲ, ಗಾಜಿನದ್ದು ಹೇಳುತ್ತದೆ. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಬಲ್ಬ್ ಪೆಟ್ಟಿಗೆಯ ಒಳಗಿದ್ದರೆ ಸುತ್ತ ತಂತಿ ಗಾರ್ಡ್ ಹಾಕಿ. ವಿದೇಶದಿಂದ ಯಾರಾದರೂ ಬಲ್ಬ್ ತಂದುಕೊಟ್ಟರೆ ವೋಲ್ಟೇಜ್ ಓದಿ. ಅಮೆರಿಕದ 120 ವೋಲ್ಟ್ ಬಲ್ಬ್ ನಮ್ಮ 230 ವೋಲ್ಟ್‌ಗೆ ಹಾಕುವುದು ಅಪಾಯ.

ಕರೆಂಟ್ ಹಾಕಿ ಬಿಸಿ ಮಾಡುವ ಕಲ್ಲು, ಅಂದರೆ ಹೀಟ್ ರಾಕ್, ದಯವಿಟ್ಟು ಬೇಡ. ಹೊಟ್ಟೆ ಸುಡುತ್ತಿದ್ದರೂ ಈ ಪ್ರಾಣಿ ಎಷ್ಟೋ ಸಲ ಎದ್ದು ಹೋಗುವುದಿಲ್ಲ. ಬಿಸಿ ಮೇಲಿನಿಂದ ಬರುತ್ತದೆ ಅಂತಲೇ ಅದರ ಮೈಗೆ ಗೊತ್ತು.

ಜಾಸ್ತಿ ಜನ ಎಡವುವುದು ಯುವಿಬಿ ವಿಷಯದಲ್ಲಿ. ಯುವಿಬಿ ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ (ಯುವಿ) ಕಿರಣ, ಕಣ್ಣಿಗೆ ಕಾಣುವ ಬೆಳಕಲ್ಲ. ಮನೆಯ ಎಲ್‌ಇಡಿ ಎಷ್ಟೇ ಉರಿದರೂ ಅದರಲ್ಲಿ ಯುವಿಬಿ ಇಲ್ಲ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲೂ ಇರುವುದಿಲ್ಲ ಅನ್ನಬಹುದು, ಗಾಜು ಅದನ್ನು ತಡೆಯುತ್ತದೆ. ಈ ಕಿರಣ ಚರ್ಮಕ್ಕೆ ಬಿದ್ದಾಗ ವಿಟಮಿನ್ ಡಿ3 ತಯಾರಿ ಶುರುವಾಗುತ್ತದೆ. ಆ ತಯಾರಿಯ ಮುಂದಿನ ಹಂತ ನಡೆಯಲು ಚರ್ಮ ಬೆಚ್ಚಗಿರಬೇಕು. ಹಾಗಾಗಿ ಯುವಿ ಟ್ಯೂಬ್ ಒಂದು ತುದಿಗೆ, ಹ್ಯಾಲೊಜನ್ ಇನ್ನೊಂದು ತುದಿಗೆ ಹಾಕಬೇಡಿ. ಎರಡೂ ಒಂದೇ ಕಲ್ಲಿನ ಮೇಲೆ ಬೀಳಲಿ. ಆಮೇಲೆ ಯಕೃತ್ತು, ಮೂತ್ರಪಿಂಡಗಳಲ್ಲಿ ಡಿ3 ಬದಲಾಗಿ, ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವ ಹಾಗೆ ಮಾಡುತ್ತದೆ. ಯುವಿಬಿ ಇಲ್ಲದಿದ್ದರೆ ಕ್ಯಾಲ್ಸಿಯಂ ಪುಡಿ ಎಷ್ಟು ಉದುರಿಸಿದರೂ ಅದರ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳು ನಡುಗುತ್ತದೆ. ಸೊಟ್ಟಗಾದ ಮೂಳೆ ಮತ್ತೆ ನೇರ ಆಗುವುದಿಲ್ಲ. ಅಂಥ ಮರಿ ತೆವಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಸರಿಯಾದ ಟ್ಯೂಬ್ ಇದ್ದಿದ್ದರೆ ತಪ್ಪಿಸಬಹುದಾಗಿತ್ತಲ್ಲ ಅನಿಸುತ್ತದೆ.

2010ರಲ್ಲಿ ಸಂಶೋಧಕ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಸಹಜ ನೆಲೆಯಲ್ಲಿ ಹಲ್ಲಿ, ಹಾವುಗಳ ಮೇಲೆ ನಿಜವಾಗಿ ಎಷ್ಟು ಯುವಿ ಬೀಳುತ್ತದೆ ಅಂತ ಅಳೆದು, ಆ ಪ್ರಮಾಣದ ಮೇಲೆ ಅವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಬಿಯರ್ಡೆಡ್ ಡ್ರ್ಯಾಗನ್ ಅನ್ನು ಈಗ ಸಾಮಾನ್ಯವಾಗಿ ಮೂರನೇ ವಲಯಕ್ಕೆ ಸೇರಿಸುತ್ತಾರೆ. ಮೈ ಕಾಯಿಸುವ ಜಾಗದಲ್ಲಿ ಯುವಿ ಸೂಚ್ಯಂಕ, ಅಂದರೆ ಯುವಿಯ ತೀವ್ರತೆ ಹೇಳುವ ಅಂಕಿ, 4ರ ಆಸುಪಾಸು ಇದ್ದು, ತಂಪು ತುದಿಯ ನೆರಳಿಗೆ ಬರುವಾಗ ಸೊನ್ನೆಯಾಗಬೇಕು. ಇದಕ್ಕೆ ಯುವಿಬಿ 10ರಿಂದ 12 ಪರ್ಸೆಂಟ್ ಅಂತ ಬರೆದಿರುವ ಟಿ5 ಹೈ ಔಟ್‌ಪುಟ್ (ತೆಳ್ಳಗಿನ, ಹೆಚ್ಚು ಬೆಳಕು ಕೊಡುವ) ಉದ್ದ ಟ್ಯೂಬ್ ಬೇಕು. ರಿಫ್ಲೆಕ್ಟರ್ ಇರಲಿ. ಪೆಟ್ಟಿಗೆಯ ಅರ್ಧ ಉದ್ದ ಸಾಕು. ಟ್ಯೂಬಿಗೂ ಪ್ರಾಣಿಯ ಬೆನ್ನಿಗೂ 30ರಿಂದ 40 ಸೆಂಟಿಮೀಟರ್ ಅಂತರ ಇರಲಿ, ತಯಾರಕರು ಬರೆದಿರುವ ಅಂತರವನ್ನೂ ನೋಡಿಕೊಳ್ಳಿ. ನಡುವೆ ಮೆಶ್ ಇದ್ದರೆ ಮೂರನೇ ಒಂದು ಭಾಗದಷ್ಟು ಯುವಿ ಅಲ್ಲೇ ಹೋಗುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಟ್ಯೂಬನ್ನು ಪಕ್ಕದ ಗೋಡೆಗೆ ಹಾಕಬೇಡಿ. ಈ ಪ್ರಾಣಿಯ ಹುಬ್ಬಿನ ಏಣು ಮೇಲಿನ ಬೆಳಕಿನಿಂದ ಕಣ್ಣನ್ನು ಕಾಯುತ್ತದೆ, ಪಕ್ಕದಿಂದ ಬರುವ ಯುವಿಗೆ ಅಡ್ಡ ಏನೂ ಇಲ್ಲ. ಸುರುಳಿ ಆಕಾರದ ಪುಟ್ಟ ಯುವಿ ಬಲ್ಬ್ ಅಗ್ಗ, ಆದರೆ ಅದರ ಬೆಳಕು ಹರಡುವ ಜಾಗ ತೀರಾ ಚಿಕ್ಕದು. ಒಳ್ಳೆಯ ಟ್ಯೂಬನ್ನೂ ವರ್ಷಕ್ಕೊಮ್ಮೆ ಬದಲಿಸಿ. ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಇದೆ ಅಂತ ಅಲ್ಲ.

ರಾತ್ರಿ ಎಲ್ಲ ದೀಪ ಆರಿಸಿ. ಕೆಂಪು ಬಲ್ಬ್ ಕಾಣುವುದಿಲ್ಲ ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ, ಅದಕ್ಕೆ ಕಾಣುತ್ತದೆ. ನೆತ್ತಿಯ ಮೇಲೆ ಬೆಳಕು ಗುರುತಿಸುವ ಇನ್ನೊಂದು ಚಿಕ್ಕ ಕಣ್ಣೂ ಇದೆ. ರಾತ್ರಿ 18ರಿಂದ 22 ಡಿಗ್ರಿ ಅದಕ್ಕೆ ಹಿತ. ನಮ್ಮ ತಾರಸಿ ಮನೆಗಳಲ್ಲಿ ವರ್ಷದ ಹೆಚ್ಚಿನ ದಿನ ರಾತ್ರಿ ಬಿಸಿ ಬೇಕಾಗುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಕೋಣೆ 18ಕ್ಕಿಂತ ಕೆಳಗಿಳಿದರೆ ಬೆಳಕಿಲ್ಲದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್ ಜೊತೆ ಹಾಕಿ. ಹಗಲು ದೀಪ ಬೇಸಿಗೆಯಲ್ಲಿ 13-14 ಗಂಟೆ, ಚಳಿಗಾಲದಲ್ಲಿ ಹತ್ತು-ಹನ್ನೊಂದು.

ನಮ್ಮಲ್ಲಿ ಚಳಿಗಿಂತ ಏಪ್ರಿಲ್ ಭಯ ಜಾಸ್ತಿ. ಶೀಟ್ ಮನೆಯ ಕೋಣೆಯೇ 36 ಡಿಗ್ರಿ ಇರುವಾಗ ಟೈಮರ್ ಸುಮ್ನೆ ಬಲ್ಬ್ ಹೊತ್ತಿಸಿದರೆ ತಂಪು ತುದಿ ಅನ್ನುವುದೇ ಉಳಿಯುವುದಿಲ್ಲ. ಅಂಥ ಮಧ್ಯಾಹ್ನ ಹ್ಯಾಲೊಜನ್ ಆರಿಸಿ, ಯುವಿ ಟ್ಯೂಬ್ ಮಾತ್ರ ಇರಲಿ. ಪೆಟ್ಟಿಗೆಯನ್ನು ಮನೆಯ ತಂಪಾದ ಕೋಣೆಗೆ ತನ್ನಿ. ಬಲ್ಬಿನ ಕೆಳಗೆ ಬಾಯಿ ತೆರೆದು ಕೂತರೆ ಗಾಬರಿ ಬೇಡ, ಅದು ಮೈ ಬಿಸಿ ಹೊರಗೆ ಹಾಕುವ ರೀತಿ. ತಂಪು ತುದಿಗೆ ಹೋಗಿಯೂ ಬಾಯಿ ತೆರೆದಿದ್ದರೆ ಪೆಟ್ಟಿಗೆ ಅತಿಯಾಗಿ ಕಾದಿದೆ ಅಂತಲೇ ತಿಳಿಯಿರಿ. ಬೆಳಿಗ್ಗೆ ಬೆನ್ನು ಕಪ್ಪಾಗಿದ್ದು ಆಮೇಲೆ ತಿಳಿಯಾಗುವುದು ಸಹಜ, ಕಪ್ಪು ಬಣ್ಣ ಬಿಸಿಯನ್ನು ಬೇಗ ಹೀರುತ್ತದೆ ಅಲ್ವಾ.

ಕರೆಂಟ್ ಹೋದರೆ? ಆರೋಗ್ಯವಾಗಿರುವ ಪ್ರಾಣಿಗೆ ಕೆಲವು ಗಂಟೆ ಬಿಸಿ ಇಲ್ಲದಿದ್ದರೆ ತೊಂದರೆ ಇಲ್ಲ. ಆದರೆ ಆಗ ತಿನ್ನಿಸಬೇಡಿ. ಬಿಸಿ ಇಲ್ಲದೆ ಹೊಟ್ಟೆಯಲ್ಲಿರುವುದು ಜೀರ್ಣ ಆಗುವುದಿಲ್ಲ. ಸಂಜೆ ದೀಪ ಆರುವ ಎರಡು ಗಂಟೆ ಮೊದಲೇ ಊಟ ಮುಗಿದಿರಲಿ.

ಇಷ್ಟೆಲ್ಲ ದೀಪದ ಮಾತಾಡಿದೆ. ಆದರೂ ನಮ್ಮೂರ ಬೆಳಗಿನ ಬಿಸಿಲಿಗೆ ಯಾವ ಟ್ಯೂಬೂ ಸಮ ಅಲ್ಲ. ಒಂಬತ್ತು ಗಂಟೆಯೊಳಗೆ, ಮೆಶ್ ಪಂಜರದಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ, ಇಪ್ಪತ್ತು ನಿಮಿಷ ಹೊರಗಿಡಿ. ಕಾಗೆ, ಹದ್ದು, ಬೆಕ್ಕು ಇರುತ್ತವೆ, ಹಾಗಾಗಿ ನೀವು ಪಕ್ಕದಲ್ಲೇ ಕೂತಿರಿ. ಗಾಜಿನ ಟ್ಯಾಂಕನ್ನು ಮಾತ್ರ ಯಾವತ್ತೂ ಬಿಸಿಲಿಗೆ ಇಡಬೇಡಿ. ಕೆಲವೇ ನಿಮಿಷಗಳಲ್ಲಿ ಒಳಗಿನ ಜೀವ ಬೆಂದುಹೋಗುತ್ತದೆ.

ಇನ್ನೂ ಪ್ರಾಣಿ ತರದವರು ಇಲ್ಲಿದ್ದರೆ ಒಂದು ಮಾತು. ಮೊದಲು ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ಖಾಲಿ ಪೆಟ್ಟಿಗೆಯನ್ನೇ ಒಂದು ವಾರ ನಡೆಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ತುದಿಯ ಬಿಸಿ ಅಳೆದು ಬರೆದಿಡಿ. ಅಂಕಿ ಸರಿ ಬಂದ ಮೇಲೆ ಮರಿ ತನ್ನಿ. ಪಕ್ಕದ ಮೇಜಿನ ಮೇಲೆ ಒಂದು ಪೆಟ್ಟಿಗೆ, ಥರ್ಮಾಮೀಟರ್ ಗನ್ ಇಟ್ಟಿದ್ದೇನೆ. ಬನ್ನಿ, ಅಳೆದು ನೋಡುತ್ತಲೇ ಪ್ರಶ್ನೆ ಕೇಳಿ.