ಬಿಸಿಲೂರಿನಲ್ಲಿ ಎರೆಹುಳು ಸಾಕೋದು

ಮೇ ತಿಂಗಳ ಮಧ್ಯಾಹ್ನ. ರಾಯಚೂರು ಜಿಲ್ಲೆ, ಸಿಂಧನೂರು ಕಡೆಯ ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ದಾಟಿದೆ. ಆದರೆ ಈ ತೊಟ್ಟಿಯ ಮೇಲಿನ ಗೋಣಿಚೀಲ ಎತ್ತಿ ಕೈ ಇಟ್ಟರೆ ಒಳಗೆ ತಣ್ಣಗಿದೆ. ನೋಡಿ, ಬೆಳಕು ಬಿದ್ದ ಕೂಡಲೇ ಎಲ್ಲವೂ ಒಳಕ್ಕೆ ಜಾರಿದವು! ಎರೆಹುಳುವಿಗೆ ಕಣ್ಣಿಲ್ಲ, ಬೆಳಕು ಚರ್ಮಕ್ಕೇ ಗೊತ್ತಾಗುತ್ತದೆ. ಉಸಿರಾಡೋದೂ ಚರ್ಮದಿಂದಲೇ. ಅದು ಒಣಗಿತೋ, ಹುಳು ಸತ್ತಿತು.

ಹಾಗಾಗಿ ನಮ್ಮ ಭಾಗದಲ್ಲಿ ಎರೆಹುಳು ಗೊಬ್ಬರ ಅಂದರೆ ಮೊದಲು ನೆರಳು ಮಾಡುವ ಕೆಲಸ. ತೊಟ್ಟಿಯೊಳಗೆ 25ರಿಂದ 30 ಡಿಗ್ರಿ ಇದ್ದರೆ ಚೆನ್ನಾಗಿ ತಿನ್ನುತ್ತವೆ. 35 ದಾಟಿದರೆ ಸಾಯಲು ಶುರು. ಬರೀ ತಗಡು ಹೊದಿಸಿದರೆ ಒಳಗೆ ಕಾವು ಜಾಸ್ತಿ. ನಾವು ಬೇವಿನ ಮರದ ಕೆಳಗೆ ಭತ್ತದ ಹುಲ್ಲಿನ ಚಪ್ಪರ ಹಾಕಿದ್ದೇವೆ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ನೀರು ಚಿಮುಕಿಸುತ್ತೇವೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಅಷ್ಟೇ. ನೀರು ನಿಂತರೆ ಗಾಳಿ ಹೋಗಿ ವಾಸನೆ ಬರುತ್ತದೆ. ಅದಕ್ಕೇ ತಳದಲ್ಲಿ ತೂತು ಬಿಟ್ಟಿದ್ದೇವೆ.

ಇನ್ನು ಮೇವು. ಹಸಿ ಸೆಗಣಿ ಕೊಳೆಯುವಾಗ ಕಾವೇರುತ್ತದೆ, ನೇರವಾಗಿ ಹಾಕಬಾರದು. ಎರಡು-ಮೂರು ವಾರ ಹುಲ್ಲು, ತೊಗರಿ ಹೊಟ್ಟಿನ ಜೊತೆ ಬೇರೆ ಕಡೆ ಕೊಳೆಯಲಿ. ಅವ್ವ ಗುಡ್ಡೆಯೊಳಗೆ ಮೊಣಕೈವರೆಗೂ ಕೈ ಹಾಕಿ ನೋಡುತ್ತಾಳೆ. ಬಿಸಿ ತಾಕಲಿಲ್ಲ ಅಂದರೆ "ಈಗ ಹಾಕು" ಅಂತಾಳೆ. ಅಡುಗೆಮನೆಯ ಕಾಯಿಪಲ್ಲೆ ಸಿಪ್ಪೆಯೂ ಆಗುತ್ತದೆ. ಉಪ್ಪು, ಎಣ್ಣೆ, ಮಾಂಸ ಬೇಡ.

ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಹುಲ್ಲಿಗೆ ಬೆಂಕಿ ಇಡುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟೂ ಇವುಗಳ ಊಟ ಅಲ್ವಾ?

ಹೊಲದ ಹುಳು ಮಣ್ಣಿನ ಆಳಕ್ಕೆ ಇಳಿಯುವಂಥದ್ದು, ಈ ಕೆಲಸಕ್ಕೆ ಅಷ್ಟಾಗಿ ಬರುವುದಿಲ್ಲ. ಇವು ಮೇಲ್ಪದರದಲ್ಲೇ ಕಸ ತಿನ್ನುವ ಐಸೀನಿಯಾ ಫೆಟಿಡಾ ತಳಿ. ಇಲ್ಲಿ ಹತ್ತಿರದಿಂದ ನೋಡಿ. ಜೋಳದ ಕಾಳಿಗಿಂತ ಸಣ್ಣದು, ಹಳದಿ ಬಣ್ಣ, ತುದಿ ಚೂಪು. ಇದು ತತ್ತಿಯ ಕೋಶ. ಒಂದರಿಂದಲೇ ಎರಡು-ಮೂರು ಮರಿ ಬರಬಹುದು. ಜರಡಿ ಹಿಡಿಯುವಾಗ ಇವನ್ನು ಎಸೆಯಬೇಡಿ, ದಯವಿಟ್ಟು.

ಎರಡು ತಿಂಗಳ ಹೊತ್ತಿಗೆ ಮೇಲಿನ ಗೊಬ್ಬರ ಚಹಾಪುಡಿಯಂತೆ ಉದುರುದುರಾಗುತ್ತದೆ. ಆಗ ಮೂರ್ನಾಲ್ಕು ದಿನ ನೀರು ನಿಲ್ಲಿಸಿ. ಹುಳುಗಳು ತಂಪು ಹುಡುಕಿ ತಳಕ್ಕೆ ಇಳಿಯುತ್ತವೆ, ಮೇಲಿನದನ್ನು ಬಾಚಿಕೊಳ್ಳಬಹುದು. ನೆರಳಲ್ಲೇ ಆರಿಸಿ, ಬಿಸಿಲಿಗೆ ಹಾಕಿದರೆ ಒಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ.

ಈ ಸಲದ ಗೊಬ್ಬರ ಅವ್ವನ ಬದನೆ, ಮೆಣಸಿನ ಗಿಡಗಳಿಗೆ. ಹೆಚ್ಚಾದ ಹುಳು ಪಕ್ಕದ ಮನೆ ಕಾಕಾ ಕೇಳಿದ್ದಾರೆ. ಅವರ ಚಪ್ಪರ ಇನ್ನೂ ಅರ್ಧ ಆಗಿದೆ, ಅದು ಮುಗಿದ ಮೇಲೆ ಕೊಡುತ್ತೇನೆ.