ಪಿಕಪ್‌ಗೆ ಯಾವ ಪೆಟ್ರೋಲು?

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಕಳೆದ ತಿಂಗಳು ಗಾಡಿ ತಗೊಂಡ. ಫೋರ್ಡ್ ಎಫ್-150, ಪಿಕಪ್ಪು, ಟರ್ಬೊ ಇರುವ ಪೆಟ್ರೋಲ್ ಇಂಜಿನ್. ಫೋನ್ ಮಾಡಿ, "ಮಾಮಾ, 87 ಹಾಕಿಸ್ಲಾ, 91 ಹಾಕಿಸ್ಲಾ?" ಅಂದ. ಬಂಕಿನಲ್ಲಿ ಪೆಟ್ರೋಲಿಗೆ ಬರೆದಿರುತ್ತಾರಲ್ಲ, ಆ ಆಕ್ಟೇನ್ ನಂಬರ್ ಅದು.

ನಾನು ಹಾಸನದಲ್ಲಿ 30 ವರ್ಷ ಗ್ಯಾರೇಜ್ ನಡೆಸಿದವನು. ನಮ್ಮ ಕಡೆ ಪಿಕಪ್ ಅಂದರೆ ಕಾಫಿ ಮೂಟೆ, ಶುಂಠಿ, ಆಲೂಗಡ್ಡೆ ಹೊರುವ ಗಾಡಿ. ಹೆಚ್ಚಿನವು ಡೀಸೆಲ್. ಡೀಸೆಲ್‌ಗೆ ಆಕ್ಟೇನ್ ಲೆಕ್ಕವೇ ಇಲ್ಲ, ಅದರ ಲೆಕ್ಕ ಸೀಟೇನ್. ಡೀಸೆಲ್ ಒತ್ತಡಕ್ಕೆ ಸಿಕ್ಕ ಕೂಡಲೇ ಹತ್ತಿಕೊಳ್ಳಬೇಕು. ಪೆಟ್ರೋಲ್ ಕಿಡಿ ಬರುವ ತನಕ ಸುಮ್ಮನಿರಬೇಕು. ಎರಡೂ ಉಲ್ಟಾ ಸ್ವಭಾವ. ಹಾಗಂತ ಡೀಸೆಲ್ ಗಾಡಿಯವರು ರೇಡಿಯೊ ಆರಿಸಬೇಡಿ. ಈಗ ಮನೆಯಲ್ಲಿ ಒಂದು ನೆಕ್ಸಾನೋ ಥಾರೋ ಇರುತ್ತೆ, ಅದರಲ್ಲಿ ಟರ್ಬೊ ಪೆಟ್ರೋಲ್ ಇಂಜಿನ್ ಇದ್ದರೆ ಈ ಮಾತು ನಿಮಗೂ ಸೇರಿದ್ದೇ.

ನಮ್ಮಲ್ಲಿ ಪಿಕಪ್ ಅನ್ನೋ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಅಲ್ವಾ? ಗಾಡಿಯ ಎಳೆತ. ಗ್ಯಾರೇಜಿಗೆ ಬಂದವರಲ್ಲಿ ಅರ್ಧ ಜನ "ಪಿಕಪ್ ಇಲ್ಲ ಸಾರ್" ಅಂತಲೇ ಮಾತು ಶುರು ಮಾಡುತ್ತಿದ್ದರು. ಬಂಕಿನಲ್ಲಿ 'ಪವರ್' ಅನ್ನೋ ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಪಿಕಪ್ ತಾನಾಗೇ ಬರುತ್ತೆ ಅಂತ ಅವರ ನಂಬಿಕೆ. ಹೆಸರೇ ಹಾಗಿದೆ, ಅವರದೇನು ತಪ್ಪು?

ಆಕ್ಟೇನ್ ಅಂದರೆ ಶಕ್ತಿ ಅಲ್ಲ. ತಾಳಿಕೆ. ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲ್ ಎರಡನ್ನೂ ಪಿಸ್ಟನ್ ಒತ್ತುತ್ತಾ ಹೋದ ಹಾಗೆ ಬಿಸಿ ಏರುತ್ತದೆ. ಆಮೇಲೆ ಪ್ಲಗ್ ಕಿಡಿ ಕೊಡುತ್ತದೆ, ಬೆಂಕಿ ಒಂದು ಕಡೆಯಿಂದ ಹರಡುತ್ತದೆ. ಆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿದರೆ ಅದೇ ನಾಕಿಂಗ್. ಜೋಕಾಲಿ ಇನ್ನೂ ನಮ್ಮ ಕಡೆ ಬರ್ತಾ ಇರುವಾಗಲೇ ಎದುರಿನಿಂದ ತಳ್ಳಿದ ಹಾಗೆ. ಕೈಗೂ ಪೆಟ್ಟು, ಜೋಕಾಲಿಗೂ ಪೆಟ್ಟು.

ಟರ್ಬೊ ಇದ್ದರೆ ಈ ಕಾಟ ಜಾಸ್ತಿ. ಟರ್ಬೊ ಮೊದಲೇ ಗಾಳಿಯನ್ನು ಒತ್ತಿ ಕಳಿಸುತ್ತದೆ, ಒತ್ತಿದ ಗಾಳಿ ಬಿಸಿ. ಅದನ್ನು ತಣ್ಣಗೆ ಮಾಡಲಿಕ್ಕೇ ಮುಂದೆ ಇಂಟರ್‌ಕೂಲರ್ ಇಟ್ಟಿರುತ್ತಾರೆ.

ಒಂದು ಸಲ ಏಪ್ರಿಲ್‌ನಲ್ಲಿ, ಮಟಮಟ ಮಧ್ಯಾಹ್ನ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುತ್ತಿದ್ದೆ. ಗೆಳೆಯನ ಟರ್ಬೊ ಪೆಟ್ರೋಲ್ ಗಾಡಿ. ಐದು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಫುಲ್. ಮುಂದೆ ಟ್ಯಾಂಕರ್ ಲಾರಿ. ಗೆಳೆಯ ಗೇರ್ ಇಳಿಸಲಿಲ್ಲ, ನಾಲ್ಕರಲ್ಲೇ ಆಕ್ಸಿಲೇಟರ್ ಒತ್ತಿದ. ಬಾನೆಟ್ ಕೆಳಗಿಂದ ಸಣ್ಣಗೆ ಒಂದು ಸದ್ದು. ಸ್ಟೀಲ್ ಡಬ್ಬಿಯಲ್ಲಿ ಒಣ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಎರಡು ಸೆಕೆಂಡ್ ಅಷ್ಟೇ, ನಿಂತಿತು. ಅದರ ಜೊತೆಗೆ ಎಳೆತವೂ ಸತ್ತಿತು.

ಆಗಿದ್ದು ಇಷ್ಟು. ಇಂಜಿನ್ ಬ್ಲಾಕ್ ಮೇಲೆ ನಾಕ್ ಸೆನ್ಸರ್ ಅಂತ ಒಂದು ಇರುತ್ತೆ. ಅದು ಆ ನಡುಕವನ್ನು ಹಿಡಿದು ಗಾಡಿಯ ಕಂಪ್ಯೂಟರಿಗೆ ಹೇಳುತ್ತೆ. ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತೆ. ಇಂಜಿನ್ ಉಳಿಯುತ್ತೆ, ಪಿಕಪ್ ಹೋಗುತ್ತೆ, ಮೈಲೇಜೂ ಸ್ವಲ್ಪ ಹೋಗುತ್ತೆ. 95 ಆಕ್ಟೇನ್ ಇದ್ದಿದ್ದರೆ ಹೀಗೆ ಹಿಂದೆ ಸರಿಯುವ ಅಗತ್ಯ ಕಡಿಮೆ ಇರುತ್ತಿತ್ತು. ಅಂದರೆ ಅದು ಹೊಸ ಶಕ್ತಿ ಕೊಡುವುದಿಲ್ಲ, ಇರುವುದನ್ನು ಬಿಟ್ಟುಕೊಡದ ಹಾಗೆ ನೋಡಿಕೊಳ್ಳುತ್ತದೆ. "ಮೂರಕ್ಕೆ ಹಾಕಪ್ಪ" ಅಂದೆ. ಹಾಕಿದ. ದೋಣಿಗಾಲ್ ತನಕ ಮತ್ತೆ ಸದ್ದಿಲ್ಲ. ಮೂರನೇ ಗೇರಿಗೆ ದುಡ್ಡು ಕೊಡಬೇಕಿಲ್ಲ ನೋಡಿ! ಟರ್ಬೊ ಇಂಜಿನ್‌ಗಳನ್ನು ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿ ಹಿಂಡಿದರೆ ಕಿಡಿಗೂ ಮೊದಲೇ ಹತ್ತಿಕೊಳ್ಳುವ ಇನ್ನೊಂದು ರೋಗ ಬರುತ್ತೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು.

ಈಗ ನಂಬರಿನ ಗೊಂದಲ. ಅಕ್ಕನ ಮಗ 87 ಅಂದಾಗ ನಾನೂ ಒಂದು ಕ್ಷಣ, ಅಮೆರಿಕದಲ್ಲಿ ನಮಗಿಂತ ಕಳಪೆ ಪೆಟ್ರೋಲಾ ಅಂದುಕೊಂಡೆ. ಹಾಗಲ್ಲ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆ ಇವೆ, ಆರ್‌ಒಎನ್ ಮತ್ತು ಎಂಒಎನ್. ನಮ್ಮ ಬಂಕಿನಲ್ಲಿ ಬರೆಯುವುದು ಮೊದಲನೆಯದು. ಅಮೆರಿಕದವರು ಎರಡನ್ನೂ ಕೂಡಿ ಅರ್ಧ ಮಾಡುತ್ತಾರೆ. ಅವರ 87 ಹೆಚ್ಚುಕಮ್ಮಿ ನಮ್ಮ 91, ಅವರ 91 ನಮ್ಮ 95.

ಇಲ್ಲಿನ ಸಾದಾ ಪೆಟ್ರೋಲ್ ಮೊದಲು 88 ಇತ್ತು, ಆಮೇಲೆ ಕನಿಷ್ಠ 91 ಆಯಿತು. 20 ಪರ್ಸೆಂಟ್ ಎಥನಾಲ್ ಸೇರಿದ ಮೇಲೆ 95ರ ಹತ್ತಿರ ಬಂದಿದೆ ಅಂತ 2025ರಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಎಥನಾಲ್‌ಗೆ ತಾಳಿಕೆ ಜಾಸ್ತಿ, ಲೀಟರಿಗೆ ಕಸುವು ಕಮ್ಮಿ. ಅದಕ್ಕೇ ಮೈಲೇಜ್ ಸ್ವಲ್ಪ ಇಳಿಯುತ್ತೆ. ಹಾಗಾಗಿ 95ರ ಪ್ರೀಮಿಯಂ ಹಾಕಿಸಲು ಮೊದಲಿದ್ದಷ್ಟು ಕಾರಣ ಈಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. 100ರದ್ದಂತೂ ನಮ್ಮ ನಿಮ್ಮ ಗಾಡಿಗೆ ಸುಮ್ನೆ ದಂಡ.

ಚಿಕ್ಕಮಗಳೂರಿನ ಕೇಳುಗರೊಬ್ಬರು ಕೇಳಿದ್ದರು: ಎತ್ತರದ ಜಾಗದಲ್ಲಿ ಕಡಿಮೆ ಆಕ್ಟೇನ್ ಸಾಕಂತೆ, ನಿಜವಾ? ಗಾಳಿ ತೆಳು ಇರುವುದರಿಂದ ಹಳೇ ಇಂಜಿನ್‌ಗಳಿಗೆ ನಿಜ. ಅಮೆರಿಕದಲ್ಲಿ ಎತ್ತರದ ಊರಾದ ಡೆನ್ವರ್ ಕಡೆ ಅವರ ಲೆಕ್ಕದ 85 ಕೂಡ ಮಾರುತ್ತಾರೆ. ಆದರೆ ತೆಳು ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊ ಕೆಲಸ. ಮುಳ್ಳಯ್ಯನಗಿರಿ ಹತ್ತುವಾಗ ನಿಮ್ಮ ಟರ್ಬೊಗೆ ಆ ರಿಯಾಯಿತಿ ಅಷ್ಟಾಗಿ ಸಿಗದು.

ಪೆಟ್ರೋಲ್ ಮುಚ್ಚಳ ತೆಗೆದು ನೋಡಿ, ಒಳಗೆ ನಂಬರ್ ಇರುತ್ತೆ. ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಇರುತ್ತೆ. ಕನಿಷ್ಠ 91 ಅಂದಿದ್ದರೆ ದಿನದ ಓಡಾಟಕ್ಕೆ ಸಾದಾ ಸಾಕು. 95 ಬೇಕೇ ಬೇಕು ಅಂದಿದ್ದರೆ ಚೌಕಾಸಿ ಬೇಡ.

ಅಕ್ಕನ ಮಗನಿಗೂ ಪುಸ್ತಕ ತೆಗಿ ಅಂದೆ. 87 ಸಾಕು, ಟ್ರೇಲರ್ ಎಳೆಯುವಂಥ ಭಾರಿ ಕೆಲಸಕ್ಕೆ 91 ಹಾಕಿ ಅಂತಿತ್ತಂತೆ. "ಟ್ರೇಲರ್ ಇದೆಯೇನೋ?" ಅಂದೆ.

"ಇಲ್ಲ ಮಾಮಾ. ತಗೊಳ್ಳೋಣ ಅಂತಿದ್ದೀನಿ."